ಒಂದೇ ಹಾಡು, ಮಾಲೀಕರು ನಾಲ್ವರು

ಈ ಸಲದ ಅಂಚೆಯಲ್ಲಿ ಆಸ್ತಿ ಭಾಗದ ಪತ್ರಗಳಿಗಿಂತ ಹಾಡಿನ ಪತ್ರಗಳೇ ಜಾಸ್ತಿ. ಹಾಡುವವರು, ಹಾಡು ಬರೆಯುವವರು, ಆರ್ಕೆಸ್ಟ್ರಾ ನಡೆಸುವವರು, ಮನೆಯ ಮಹಡಿಯಲ್ಲಿ ಸ್ಟುಡಿಯೋ ಮಾಡಿಕೊಂಡವರು. ಹಾಗಾಗಿ ಈ ತಿಂಗಳ ಕಾನೂನು ಅಂಕಣ ಪೂರ್ತಿ ಅವರಿಗೆ. ಪೋಡಿ, ಪಹಣಿ ವಿಷಯದವರು ಮುಂದಿನ ತಿಂಗಳವರೆಗೆ ತಡೆದುಕೊಳ್ಳಿ.

ಮೇಡಂ, ನಾನು ಸುಗಮ ಸಂಗೀತ ಹಾಡುತ್ತೇನೆ. ಒಂದು ಭಾವಗೀತೆ ಹಾಡಿ ಯೂಟ್ಯೂಬಿಗೆ ಹಾಕಿದೆ. ದನಿ ನನ್ನದು, ತಬಲಾ ನನ್ನ ತಮ್ಮನದು, ರೆಕಾರ್ಡಿಂಗ್ ನಮ್ಮ ಮನೆಯಲ್ಲೇ. ಮಾರನೇ ದಿನವೇ ಒಂದು ಆಡಿಯೋ ಕಂಪನಿಯಿಂದ ಕಾಪಿರೈಟ್ ಕ್ಲೇಮ್ ಬಂತು. ನಾನು ಹಾಡಿದ್ದರ ಮೇಲೆ ಅವರಿಗೇನು ಹಕ್ಕು? ವಿಡಿಯೋ ತೆಗೆಯಲೇಬೇಕಾ?
(ಗಾಯಕಿ, ಸಾಗರ)

ನಿಮ್ಮ ದನಿ ಮೇಲೆ ಅವರಿಗೆ ಯಾವ ಹಕ್ಕೂ ಇಲ್ಲ. ಆದರೆ ಹಾಡಿನಲ್ಲಿ ದನಿ ಒಂದು ಭಾಗ ಅಷ್ಟೆ.

ನಮ್ಮಪ್ಪ ಶಿವಮೊಗ್ಗದಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದರು. ಕಾಪಿರೈಟ್ ಕಾನೂನಿನ ಮೊದಲ ಪಾಠ ನನಗೆ ಸಿಕ್ಕಿದ್ದು ಲಾ ಕಾಲೇಜಿನಲ್ಲಲ್ಲ, ಆ ಕ್ಯಾಸೆಟ್ಟಿನ ಡಬ್ಬಿಯೊಳಗೆ ಮಡಚಿಟ್ಟ ಕಾಗದದಲ್ಲಿ. ಮನೆಯಲ್ಲಿ ಹಳೇ ಕ್ಯಾಸೆಟ್ ಇದ್ದರೆ ಒಂದನ್ನು ತೆಗೆದು ನೋಡಿ. ಸಾಹಿತ್ಯ ಇಂಥವರದು, ಸಂಗೀತ ಇಂಥವರದು, ಗಾಯನ ಇಂಥವರದು ಅಂತ ಇರುತ್ತದೆ. ಕೊನೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ, ವೃತ್ತದೊಳಗೊಂದು ‘ಪಿ’, ಪಕ್ಕದಲ್ಲಿ ಇಸವಿ, ಕಂಪನಿ ಹೆಸರು. ಆ ‘ಪಿ’ ಧ್ವನಿಮುದ್ರಣದ ಹಕ್ಕಿನ ಗುರುತು. ಸಾಹಿತ್ಯದ ಹಕ್ಕು, ರಾಗಸಂಯೋಜನೆಯ ಹಕ್ಕು, ಹಾಡಿದವರ ಹಕ್ಕು, ಧ್ವನಿಮುದ್ರಣದ ಹಕ್ಕು. ನಾಲ್ಕೂ ಬೇರೆ ಬೇರೆ. ನಾಲ್ವರು ಮಾಲೀಕರು ಇರಬಹುದು, ಎಲ್ಲವನ್ನೂ ಒಬ್ಬರೇ ಬರೆಸಿಕೊಂಡಿರಲೂಬಹುದು.

ನಿಮ್ಮ ವಿಡಿಯೋದಲ್ಲಿ ಕೊನೆಯ ಎರಡು ನಿಮ್ಮವು. ಸಾಹಿತ್ಯ ಮತ್ತು ರಾಗ ಬೇರೆಯವರದು. ಕ್ಲೇಮ್ ಬಂದಿರುವುದು ಅಲ್ಲಿಂದ.

ಸಾಹಿತ್ಯಕ್ಕೆ ಲೆಕ್ಕ ಸುಲಭ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಕವಿ ಇರುವವರೆಗೂ ಹಕ್ಕು ಅವರದು. ತೀರಿಕೊಂಡ ಮರುವರ್ಷದ ಜನವರಿ 1ರಿಂದ ಇನ್ನೂ 60 ವರ್ಷ ವಾರಸುದಾರರದು. ಕುವೆಂಪು ತೀರಿಕೊಂಡಿದ್ದು 1994ರಲ್ಲಿ. ಹಾಗಾಗಿ ಅವರ ಕವಿತೆಗಳಿಗೆ 2054ರ ಕೊನೆಯವರೆಗೂ ಹಕ್ಕಿದೆ. ಬೇಂದ್ರೆಯವರು 1981ರಲ್ಲಿ ಹೋದರು, ಅವರದು 2041ರವರೆಗೆ. ಬಿ.ಎಂ.ಶ್ರೀ ಹೋಗಿದ್ದು 1946ರಲ್ಲಿ, ಅವರ ಕವಿತೆಗಳನ್ನು ಯಾರು ಬೇಕಾದರೂ ಹಾಡಬಹುದು. ಗೋವಿಂದ ಪೈಗಳು ಬದುಕಿದ್ದಾಗ ಪ್ರಕಟವಾದ ಕವಿತೆಗಳ ಅವಧಿಯೂ 2023ರ ಡಿಸೆಂಬರ್ 31ಕ್ಕೆ ಮುಗಿದಿದೆ. ಈ ಸುದ್ದಿ ಸುಗಮ ಸಂಗೀತದವರ ಕಿವಿಗೆ ಇನ್ನೂ ಬಿದ್ದ ಹಾಗಿಲ್ಲ.

ವಚನ, ದಾಸರ ಪದ, ಷರೀಫರ ತತ್ವಪದಗಳ ಮೇಲೆ ಈಗ ಯಾರ ಹಕ್ಕೂ ಇಲ್ಲ. ಆದರೆ ಎಲ್ಲರೂ ಮುಗ್ಗರಿಸುವುದು ಇಲ್ಲೇ. ಷರೀಫರು ತೀರಿಕೊಂಡಿದ್ದು 1889ರಲ್ಲಿ, ಪದ ಎಲ್ಲರದು, ಸರಿ. ಆದರೆ ಅವರ ಎಷ್ಟೋ ಪದಗಳನ್ನು ನಾವು ಗುನುಗುವುದು ಸಿ. ಅಶ್ವತ್ಥ್ ಕೂರಿಸಿದ ರಾಗದಲ್ಲಿ. ಅಶ್ವತ್ಥ್ ಹೋಗಿದ್ದು 2009ರಲ್ಲಿ. ಅವರ ರಾಗಸಂಯೋಜನೆಗೆ 2069ರವರೆಗೂ ಹಕ್ಕಿದೆ. ಅದೇ ಪದಕ್ಕೆ ನೀವೇ ಹೊಸದಾಗಿ ರಾಗ ಹಾಕಿ ಹಾಡಿ, ಒಬ್ಬರೂ ಕೇಳುವ ಹಾಗಿಲ್ಲ. ಹಾಗಂತ ಮೋಹನ, ಭೀಮ್‌ಪಲಾಸಿಯಂಥ ಶಾಸ್ತ್ರೀಯ ರಾಗಗಳ ಮೇಲೆ ಯಾರಿಗೂ ಹಕ್ಕಿಲ್ಲ. ಅದರಲ್ಲಿ ಕಟ್ಟಿದ ನಿರ್ದಿಷ್ಟ ಧಾಟಿಗೆ ಮಾತ್ರ ಹಕ್ಕು.

ಈಗ ನಿಮ್ಮ ವಿಡಿಯೋ. ಬಂದಿರುವುದು ಕ್ಲೇಮ್, ಸ್ಟ್ರೈಕ್ ಅಲ್ಲ. ಕ್ಲೇಮ್ ಆದರೆ ಸಾಮಾನ್ಯವಾಗಿ ವಿಡಿಯೋ ಉಳಿಯುತ್ತದೆ, ಜಾಹೀರಾತಿನ ದುಡ್ಡು ಅವರಿಗೆ ಹೋಗುತ್ತದೆ. ಸ್ಟ್ರೈಕ್ ಆದರೆ ವಿಡಿಯೋ ಹೋಗುತ್ತದೆ, 90 ದಿನದೊಳಗೆ ಮೂರು ಬಂದರೆ ಚಾನೆಲ್ಲೇ ಹೋಗಬಹುದು. ಕ್ಲೇಮನ್ನು ಪ್ರಶ್ನಿಸಿದರೆ ಉತ್ತರ ಕೊಡಲು ಅವರಿಗೆ 30 ದಿನ ಇದೆ. ನೀವು ಹಾಡಿದ ಕವಿತೆ ಇನ್ನೂ ಹಕ್ಕಿನಲ್ಲಿದೆ, ರಾಗವೂ ಕ್ಯಾಸೆಟ್ಟಿನದೇ ಅಂತ ನೀವೇ ಬರೆದಿದ್ದೀರಿ. ಹಾಗಾಗಿ ಪ್ರಶ್ನಿಸಬೇಡಿ, ವಿಡಿಯೋ ಹಾಗೇ ಇರಲಿ. ಆದರೆ ಅದೇ ಕಂಪನಿ ನಾಳೆ ನೀವೇ ರಾಗ ಹಾಕಿದ ವಚನಕ್ಕೂ ಕ್ಲೇಮ್ ಹಾಕಿದರೆ ಬಿಡಬೇಡಿ. ಇದು ಯಂತ್ರದ ಕೆಲಸ. ಅದಕ್ಕೆ ತಪ್ಪಾಗುತ್ತಿರುತ್ತದೆ.

ಅಂದಹಾಗೆ, ‘15 ಸೆಕೆಂಡಿಗಿಂತ ಕಡಿಮೆ ಬಳಸಿದರೆ ನಡೆಯುತ್ತೆ’ ಅನ್ನುವ ಮಾತು ಯಾವ ಕಾನೂನಿನಲ್ಲೂ ಇಲ್ಲ.

ನಾನು ಸಾಹಿತ್ಯ ಬರೆದು ಸಂಗೀತವನ್ನೂ ಮಾಡುತ್ತೇನೆ. ಒಂದು ಕಂಪನಿಯವರು ನನ್ನ ಆರು ಹಾಡಿಗೆ ಒಟ್ಟು 25,000 ರೂಪಾಯಿ ಕೊಡುತ್ತೇವೆ ಎಂದಿದ್ದಾರೆ. ಅಗ್ರಿಮೆಂಟ್ ಇಂಗ್ಲಿಷಿನಲ್ಲಿದೆ, ಪ್ರತಿ ಲಗತ್ತಿಸಿದ್ದೇನೆ. ಗೆಳೆಯರು ‘ಮೊದಲ ಛಾನ್ಸು, ಸುಮ್ನೆ ಸೈನ್ ಮಾಡು’ ಅನ್ನುತ್ತಾರೆ. ಏನು ಮಾಡಲಿ?
(ಯುವ ಸಂಗೀತಗಾರ, ಹುಬ್ಬಳ್ಳಿ)

ಪ್ರತಿ ಕಳಿಸಿದ್ದು ಬಹಳ ಒಳ್ಳೆಯದಾಯಿತು. ನಾಲ್ಕನೇ ಕಲಮಿನ ಕನ್ನಡ ಹೀಗೆ: ‘ಕೃತಿಕಾರನು ಸದರಿ ಕೃತಿಗಳಲ್ಲಿನ ಸಮಸ್ತ ಹಕ್ಕುಗಳನ್ನು, ಇಡೀ ವಿಶ್ವದಲ್ಲಿ, ಶಾಶ್ವತವಾಗಿ, ಈಗಿರುವ ಮತ್ತು ಮುಂದೆ ಕಂಡುಹಿಡಿಯಲಾಗುವ ಎಲ್ಲ ಮಾಧ್ಯಮಗಳಿಗೂ ಸೇರಿಸಿ ಕೊಟ್ಟಿರುತ್ತಾನೆ, ಮುಂದೆ ಯಾವುದೇ ರಾಯಧನ ಕೇಳತಕ್ಕದ್ದಲ್ಲ.’ ಮಂಗಳ ಗ್ರಹದಲ್ಲಿ ನಿಮ್ಮ ಹಾಡು ಬಂದರೂ ಅವರದೇ ಎಂದಾಯಿತು.

ಈ ಕಲಮಿನ ಕೊನೆಯ ಸಾಲಿಗೆ ಬೆಲೆಯೇ ಇಲ್ಲ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ದೊಡ್ಡ ತಿದ್ದುಪಡಿ ಆಯಿತು. ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಇದಕ್ಕಾಗಿ ಗಟ್ಟಿಯಾಗಿ ಮಾತಾಡಿದ್ದು ನೆನಪಿರಬಹುದು. ಅಲ್ಲಿಂದೀಚೆಗೆ ಸಾಹಿತ್ಯ ಬರೆದವರು ಮತ್ತು ಸಂಗೀತ ಮಾಡಿದವರು ತಮ್ಮ ರಾಯಲ್ಟಿಯ ಸಮಪಾಲನ್ನು ಕಂಪನಿಗೆ ಬಿಟ್ಟುಕೊಡುವ ಹಾಗೇ ಇಲ್ಲ. ಬಿಟ್ಟುಕೊಟ್ಟೆ ಅಂತ ಸಹಿ ಹಾಕಿದರೂ ಆ ಮಾತು ಅನೂರ್ಜಿತ. ವಾರಸುದಾರರಿಗೆ ಕೊಡಬಹುದು, ರಾಯಲ್ಟಿ ವಸೂಲಿ ಮಾಡಿ ಹಂಚುವ ಸಂಘಕ್ಕೆ ಕೊಡಬಹುದು, ಅಷ್ಟೇ. ಸಿನಿಮಾ ಹಾಡಿಗಾದರೆ ಚಿತ್ರಮಂದಿರದಲ್ಲಿ ಸಿನಿಮಾ ಜೊತೆ ತೋರಿಸುವುದಕ್ಕೆ ಮಾತ್ರ ಈ ರಾಯಲ್ಟಿ ಅನ್ವಯಿಸುವುದಿಲ್ಲ. ಟಿವಿ, ರೇಡಿಯೋ, ಆ್ಯಪ್, ಹೋಟೆಲ್ ಎಲ್ಲ ಕಡೆಯೂ ಅನ್ವಯಿಸುತ್ತದೆ.

ಹಾಗಾದರೆ ಸೈನ್ ಮಾಡಿಬಿಡಲಾ ಅಂತ ಕೇಳಬೇಡಿ. ಆ ಸಾಲು ಅನೂರ್ಜಿತ ಎಂದು ಕೋರ್ಟಿನಲ್ಲಿ ಹೇಳಿಸುವ ಹೊತ್ತಿಗೆ ನಿಮ್ಮ ಗಡ್ಡ ಬೆಳ್ಳಗಾಗಿರುತ್ತದೆ. ಮೊದಲೇ ಹೊಡೆದುಹಾಕಿಸಿ.

ಇನ್ನು ‘ಶಾಶ್ವತವಾಗಿ’ ಎಂಬುದು. ಕಾಪಿರೈಟನ್ನು ಒಬ್ಬರಿಗೆ ಬರೆದುಕೊಡಬೇಕೆಂದರೆ ಅದು ಬರವಣಿಗೆಯಲ್ಲೇ ಇರಬೇಕು, ಸಹಿ ಇರಬೇಕು, ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ ಅಂತ ಇರಬೇಕು. ಕಾಲ ಬರೆಯದಿದ್ದರೆ ಐದೇ ವರ್ಷ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ತೆಗೆದುಕೊಂಡವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದೇ ಮೂಲೆಗಿಟ್ಟರೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಹಕ್ಕು ವಾಪಸ್ ನಿಮಗೆ. ಕಾನೂನು ಇಷ್ಟು ನಿಮ್ಮ ಕಡೆಗಿದೆ. ಕಂಪನಿಯ ವಕೀಲರಿಗೆ ಇದು ಗೊತ್ತಿರುವುದರಿಂದಲೇ ಎಲ್ಲವನ್ನೂ ಉದ್ದುದ್ದ ಬರೆಸುತ್ತಾರೆ. ನಿಮ್ಮ ಅಗ್ರಿಮೆಂಟಿನ ಒಂಬತ್ತನೇ ಕಲಮು ಆ ಒಂದು ವರ್ಷದ ರಕ್ಷಣೆಯನ್ನು ಮೆತ್ತಗೆ ಕಿತ್ತುಹಾಕಿದೆ. ಅದನ್ನೂ ತೆಗೆಸಿ.

ನಾನಾದರೆ ಮೂರು ಮಾತು ಕೇಳುತ್ತೇನೆ. ಹಕ್ಕು ಪೂರ್ತಿ ಬರೆದುಕೊಡುವ ಬದಲು ಏಳೋ ಹತ್ತೋ ವರ್ಷಕ್ಕೆ ಲೈಸೆನ್ಸ್ ಕೊಡುತ್ತೇನೆ ಅನ್ನಿ. 25,000 ರೂಪಾಯಿ ಅಡ್ವಾನ್ಸ್ ಆಗಲಿ, ಮೇಲಿನ ಆದಾಯದಲ್ಲಿ ಪಾಲು ಬರಲಿ. ವೇದಿಕೆಯಲ್ಲಿ ನನ್ನ ಹಾಡನ್ನು ನಾನೇ ಹಾಡಿಕೊಳ್ಳಲು ಯಾರ ಅನುಮತಿಯೂ ಬೇಡ ಅಂತ ಒಂದು ಸಾಲು ಸೇರಲಿ. ಈ ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಆಮೇಲೆ ತಮ್ಮದೇ ಹಾಡು ಹಾಡಿದ್ದಕ್ಕೆ ನೋಟಿಸ್ ಬಂದಾಗ ನನ್ನ ಆಫೀಸಿಗೆ ಬರುತ್ತಾರೆ.

ಮೂರಕ್ಕೂ ‘ಇಲ್ಲ’ ಅಂದರೆ? ಆರು ಹಾಡಿನಲ್ಲಿ ಎರಡು ಕೊಡಿ, ಉಳಿದದ್ದು ಇಟ್ಟುಕೊಳ್ಳಿ. ಮೊದಲ ಛಾನ್ಸಿಗೂ ಬೆಲೆಯಿದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಇಡೀ ಮನೆ ಬರೆದುಕೊಡುವಷ್ಟು ಬೆಲೆ ಅದಕ್ಕಿಲ್ಲ.

ಹಾಗೇ ಐಪಿಆರ್‌ಎಸ್ ಸದಸ್ಯರಾಗಿ. ಸಾಹಿತಿಗಳು, ಸಂಗೀತಗಾರರು, ಪ್ರಕಾಶಕರ ಸಂಘ ಅದು, 1969ರಿಂದ ಇದೆ. ಹೋಟೆಲ್, ರೇಡಿಯೋ, ಆ್ಯಪ್‌ಗಳಿಂದ ರಾಯಲ್ಟಿ ವಸೂಲಿ ಮಾಡಿ ಸದಸ್ಯರಿಗೆ ಹಂಚುತ್ತದೆ. ಗಾಯಕರಿಗೆ ಬೇರೆ ಸಂಘವಿದೆ. ಮನೆಯಲ್ಲಿ ಕೂತು ‘ನನಗೆ ರಾಯಲ್ಟಿ ಬರಲಿಲ್ಲ’ ಅಂದರೆ ಬರುವುದಿಲ್ಲ. ಹೆಸರು, ಹಾಡುಗಳ ಪಟ್ಟಿ, ಬ್ಯಾಂಕ್ ಖಾತೆ ಕೊಟ್ಟಿರಬೇಕು.

ಹಾಡು ಬರೆದು, ಮುಚ್ಚಿದ ಲಕೋಟೆಯಲ್ಲಿ ನನಗೇ ರಿಜಿಸ್ಟರ್ಡ್ ಪೋಸ್ಟ್ ಮಾಡಿಕೊಂಡರೆ ಕಾಪಿರೈಟ್ ಸಿಗುತ್ತದೆಯೇ?
(ಓದುಗರು, ಹಾಸನ)

ಬರೆದ ಕ್ಷಣವೇ ಸಿಕ್ಕಿದೆ. ಲಕೋಟೆ ಬೇಡ. ಆ ರಿಜಿಸ್ಟರ್ಡ್ ಪೋಸ್ಟೇ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಯಿತು. ನೋಂದಣಿ ಕಡ್ಡಾಯವಲ್ಲ. ಆದರೆ ಜಗಳ ಬಂದಾಗ ಸಾಕ್ಷಿಯಾಗುತ್ತದೆ. ಸಾಹಿತ್ಯ ಅಥವಾ ಸಂಗೀತಕ್ಕೆ ಕೃತಿಗೆ 500 ರೂಪಾಯಿ, ಧ್ವನಿಮುದ್ರಣಕ್ಕೆ 2,000. ಅರ್ಜಿ ಆನ್‌ಲೈನಿನಲ್ಲಿ ಹಾಕಬಹುದು. ಆಕ್ಷೇಪಣೆಗೆಂದು 30 ದಿನ ಕಾಯಬೇಕು. ಅಷ್ಟೂ ಬೇಡವೆಂದರೆ ಮೊದಲ ಕರಡು, ಫೋನಿನಲ್ಲಿ ಗುನುಗಿಟ್ಟ ತುಣುಕು, ತಾರೀಖಿರುವ ಇಮೇಲ್, ಇವನ್ನು ಅಳಿಸದೇ ಇಟ್ಟುಕೊಳ್ಳಿ.

ನಮ್ಮದು ಆರ್ಕೆಸ್ಟ್ರಾ. ಮದುವೆ ಆರತಕ್ಷತೆಗೆ ಹಾಡಲು ಹೋದಾಗ ಕಲ್ಯಾಣ ಮಂಟಪದವರು ‘ಮ್ಯೂಸಿಕ್ ಲೈಸೆನ್ಸ್ ತೋರಿಸಿ, ಇಲ್ಲದಿದ್ದರೆ ಸ್ಟೇಜ್ ಹತ್ತಬೇಡಿ’ ಅನ್ನುತ್ತಾರೆ. ಇದು ಸರಿಯೇ?
(ಆರ್ಕೆಸ್ಟ್ರಾ ಮಾಲೀಕರು, ತುಮಕೂರು)

ಮದುವೆಗೆ ಬೇಡ. ಕಾಯ್ದೆಯ 52ನೇ ಕಲಮಿನಲ್ಲಿ ಧಾರ್ಮಿಕ ಸಮಾರಂಭಕ್ಕೆ ವಿನಾಯಿತಿ ಇದೆ. ಮದುವೆ ದಿಬ್ಬಣ ಮತ್ತು ಮದುವೆಗೆ ಸಂಬಂಧಿಸಿದ ಇತರ ಸಂಭ್ರಮಗಳೂ ಅದರಲ್ಲಿ ಸೇರುತ್ತವೆ ಅಂತ ಅಲ್ಲೇ ಬರೆದಿದ್ದಾರೆ. 2023ರ ಜುಲೈನಲ್ಲಿ ಕೇಂದ್ರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆ (ಡಿಪಿಐಐಟಿ), ಮದುವೆಗಳಲ್ಲಿ ಹಾಡಿಗೆ ದುಡ್ಡು ಕೇಳಬಾರದು ಅಂತ ಸಾರ್ವಜನಿಕ ಪ್ರಕಟಣೆಯನ್ನೂ ಹೊರಡಿಸಿತು. ಅದರ ಪ್ರಿಂಟ್ ತೆಗೆದು ಕೀಬೋರ್ಡ್ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ. ಮ್ಯಾನೇಜರಿಗೆ ಕಾನೂನು ಹೇಳುವುದಕ್ಕಿಂತ ಕಾಗದ ತೋರಿಸುವುದು ಸುಲಭ.

ಆದರೆ ಈ ವಿನಾಯಿತಿಯನ್ನು ಎಳೆದು ಎಲ್ಲದಕ್ಕೂ ಹೊದಿಸಬೇಡಿ. ಕಂಪನಿಯ ವಾರ್ಷಿಕೋತ್ಸವ, ಹೊಸ ವರ್ಷದ ಪಾರ್ಟಿ, ರೆಸಾರ್ಟ್, ಪಬ್ ಇವಕ್ಕೆಲ್ಲ ಲೈಸೆನ್ಸ್ ಬೇಕು. ಅದನ್ನು ಯಾರು ಮಾಡಿಸಬೇಕು ಅನ್ನುವುದು ನಿಮ್ಮ ಕರಾರಿನಲ್ಲಿ ಇರಲಿ. ‘ಲೈಸೆನ್ಸ್ ಸಂಘಟಕರ ಜವಾಬ್ದಾರಿ’ ಅಂತ ಒಂದು ಸಾಲು ಸಾಕು. ಮದುವೆಯಲ್ಲಿ ಹಾಡಿದ್ದನ್ನು ವಿಡಿಯೋ ಮಾಡಿ ನಿಮ್ಮ ಚಾನೆಲ್ಲಿಗೆ ಹಾಕಿದರೆ ಅದೂ ಬೇರೆಯೇ ಲೆಕ್ಕ, ಮದುವೆಯ ರಕ್ಷಣೆ ಅಲ್ಲಿಗೆ ಬರುವುದಿಲ್ಲ. ಇನ್ನು ರಾತ್ರಿ 10ರ ಮೇಲೆ ಬಯಲಿನಲ್ಲಿ ಸೌಂಡ್ ಹಾಕಿದರೆ ಪೊಲೀಸರು ಬರುವುದು ಶಬ್ದಮಾಲಿನ್ಯದ ನಿಯಮಕ್ಕೆ. ಅವರಿಗೆ ಕಾಪಿರೈಟ್ ಕಾಗದ ತೋರಿಸಿ ಪ್ರಯೋಜನವಿಲ್ಲ.

ನಮ್ಮ ತಂದೆ ಯಕ್ಷಗಾನ ಪ್ರಸಂಗಕರ್ತರು. 2011ರಲ್ಲಿ ತೀರಿಕೊಂಡರು. ಅವರ ಪ್ರಸಂಗಗಳನ್ನು ಮೇಳದವರು ಈಗಲೂ ಆಡುತ್ತಾರೆ. ಕೆಲವರು ಪದ್ಯ ಬದಲಾಯಿಸಿ ತಮ್ಮ ಹೆಸರನ್ನೇ ಹಾಕಿಕೊಳ್ಳುತ್ತಾರೆ. ‘ಮಹಾಭಾರತದ ಕಥೆಗೆ ಯಾರ ಹಕ್ಕು ಮಾರಾಯರೇ?’ ಅಂತ ಕೇಳುತ್ತಾರೆ. ನಮಗೆ ಹಕ್ಕು ಉಂಟಾ?
(ಓದುಗರು, ಕುಂದಾಪುರ)

ಉಂಟು. ಕಥೆ ವ್ಯಾಸರದು, ಪದ್ಯ ನಿಮ್ಮ ತಂದೆಯವರದು. 2071ರ ಕೊನೆಯವರೆಗೂ ಅದರ ಹಕ್ಕು ನಿಮ್ಮ ಕುಟುಂಬದ್ದು. ಬರೆದವರ ಹೆಸರು ತೆಗೆದು ತಮ್ಮದು ಹಾಕಿಕೊಳ್ಳುವುದು, ಮರ್ಯಾದೆಗೆ ಕುಂದು ಬರುವ ಹಾಗೆ ತಿದ್ದುವುದು, ಇವನ್ನು ತಡೆಯಲು 57ನೇ ಕಲಮು ಇದೆ. ಹಕ್ಕು ಮಾರಿದ್ದರೂ ಅದು ಉಳಿಯುತ್ತದೆ.

ನಿಮ್ಮ ಜಿಲ್ಲೆಯದೇ ಒಂದು ತೀರ್ಪು ಇಡೀ ದೇಶದ ವಕೀಲರು ಓದುವ ತೀರ್ಪಾಗಿದೆ. ಶಿವರಾಮ ಕಾರಂತರು ಯಕ್ಷಗಾನಕ್ಕೆ ಹೊಸ ರೂಪ ಕೊಟ್ಟು ಬ್ಯಾಲೆಗಳನ್ನು ಕಟ್ಟಿದ್ದರಲ್ಲ, ಅದರದ್ದು. ಕಾರಂತರು 1994ರಲ್ಲಿ ವಿಲ್ ಬರೆದು ತಮ್ಮ ಕೃತಿಗಳ ಹಕ್ಕನ್ನು ತಮ್ಮ ಸಹಾಯಕಿ ಮಾಲಿನಿ ಮಲ್ಯ ಅವರಿಗೆ ಕೊಟ್ಟರು. 1997ರಲ್ಲಿ ತೀರಿಕೊಂಡರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ದೆಹಲಿಯಲ್ಲಿ ಅಂಥ ಒಂದು ಬ್ಯಾಲೆಯ ಪ್ರದರ್ಶನ ಕೊಟ್ಟಾಗ ಮಾಲಿನಿಯವರು ಕೋರ್ಟಿಗೆ ಹೋದರು. ಪುಸ್ತಕದ ಹಕ್ಕು ಸರಿ, ಕುಣಿತದ ಹಕ್ಕೂ ವಿಲ್‌ನಲ್ಲಿ ಬಂತೇ ಎಂಬುದೇ ಪ್ರಶ್ನೆ. 2009ರಲ್ಲಿ ಸುಪ್ರೀಂ ಕೋರ್ಟ್ ‘ಬಂತು’ ಎಂದಿತು. ವಿಲ್‌ನಲ್ಲಿ ಹೆಸರಿಸದೆ ಉಳಿದದ್ದೆಲ್ಲ ಅವರಿಗೇ ಅಂತ ಕಾರಂತರು ಒಂದು ಸಾಲು ಬರೆದಿಟ್ಟಿದ್ದರು. ಆ ಸಾಲು ಕೈ ಹಿಡಿಯಿತು. ಜೊತೆಗೆ, ಟಿಕೆಟ್ ಇಲ್ಲದ ಪ್ರೇಕ್ಷಕರ ಮುಂದೆ ಕಾಯ್ದೆಯ ಮಿತಿಯಲ್ಲಿ ಆಡುವುದಕ್ಕೆ ಅಡ್ಡಿಯಿಲ್ಲ ಎಂದೂ ಹೇಳಿತು.

ನಿಮ್ಮ ತಂದೆ ವಿಲ್ ಬರೆಯದಿದ್ದರೆ ತಾಯಿ, ಅಕ್ಕತಂಗಿಯರು, ಅಣ್ಣತಮ್ಮಂದಿರು ಎಲ್ಲರಿಗೂ ಸಮಪಾಲು. ಮೇಳಕ್ಕೆ ಪತ್ರ ಬರೆಯುವ ಮೊದಲು ಎಲ್ಲರೂ ಸೇರಿ ಒಬ್ಬರಿಗೆ ಅಧಿಕಾರ ಕೊಡಿ. ಮೊದಲೇ ನೋಟಿಸ್ ಬೇಡ. ಯಜಮಾನರನ್ನು ಕಂಡು, ಕರಪತ್ರದಲ್ಲಿ ತಂದೆಯವರ ಹೆಸರು, ಪ್ರತಿ ಆಟಕ್ಕೆ ಒಂದಿಷ್ಟು ಗೌರವಧನ ಅಂತ ಮಾತಾಡಿ. ಸಾಮಾನ್ಯವಾಗಿ ಒಪ್ಪುತ್ತಾರೆ.

ನಾಲ್ವರು ಗೆಳೆಯರು ಸೇರಿ ಬ್ಯಾಂಡ್ ಕಟ್ಟಿದೆವು. ಗಿಟಾರಿಸ್ಟ್ ಬಿಟ್ಟುಹೋಗಿ ಅದೇ ಹೆಸರಲ್ಲಿ ಬೇರೆ ತಂಡ ಮಾಡಿದ್ದಾನೆ. ಕಾಗದ ಪತ್ರ ಏನೂ ಇಲ್ಲ.
(ಡ್ರಮ್ಮರ್, ದಾವಣಗೆರೆ)

ಕಾಗದ ಇಲ್ಲದಿದ್ದರೂ, ಲಾಭ ಹಂಚಿಕೊಂಡು ಕಾರ್ಯಕ್ರಮ ಕೊಟ್ಟಿದ್ದರೆ 1932ರ ಪಾಲುದಾರಿಕೆ ಕಾಯ್ದೆಯ ಲೆಕ್ಕದಲ್ಲಿ ನೀವು ಪಾಲುದಾರರೇ. ಬೇರೆ ಮಾತಾಗಿಲ್ಲದಿದ್ದರೆ ಸಮಪಾಲು, ಸಾಲವೂ ಸಮಪಾಲು. ಹೆಸರು ತಂಡದ್ದು, ಅವನೊಬ್ಬನದಲ್ಲ. ಉಳಿದ ಮೂವರೂ ಸೇರಿ ಟ್ರೇಡ್‌ಮಾರ್ಕ್ ಅರ್ಜಿ ಹಾಕಿ. ಮನರಂಜನೆಯದು 41ನೇ ವರ್ಗ, ವ್ಯಕ್ತಿಗಳು ಆನ್‌ಲೈನ್ ಹಾಕಿದರೆ ಒಂದು ವರ್ಗಕ್ಕೆ 4,500 ರೂಪಾಯಿ. ಟೀ ಶರ್ಟ್ ಮಾರುವ ಆಸೆಯಿದ್ದರೆ 25ನೇ ವರ್ಗಕ್ಕೂ ಹಾಕಿ. ಮೊದಲ ಕಾರ್ಯಕ್ರಮದ ಪೋಸ್ಟರ್, ಬಿಲ್, ಪತ್ರಿಕೆಯ ತುಣುಕು ಹುಡುಕಿಡಿ. ಯಾರು ಮೊದಲು ಅರ್ಜಿ ಹಾಕಿದರು ಅನ್ನುವುದಕ್ಕಿಂತ ಯಾರು ಮೊದಲಿಂದ ಬಳಸುತ್ತಿದ್ದಾರೆ ಅನ್ನುವುದಕ್ಕೇ ತೂಕ ಜಾಸ್ತಿ.

ನಾನು ಹಿಂದೂಸ್ತಾನಿ ಗಾಯಕ. ಸಂಘಟಕರು ಜಿಎಸ್‌ಟಿ ನಂಬರ್ ಕೇಳುತ್ತಾರೆ.
(ಗಾಯಕರು, ಧಾರವಾಡ)

ಶಾಸ್ತ್ರೀಯ ಅಥವಾ ಜಾನಪದ ಕಾರ್ಯಕ್ರಮಕ್ಕೆ ಸಂಭಾವನೆ 1.5 ಲಕ್ಷ ದಾಟದಿದ್ದರೆ ಜಿಎಸ್‌ಟಿ ಇಲ್ಲ. ಅದಲ್ಲದೆ ವರ್ಷದ ಒಟ್ಟು ವಹಿವಾಟು 20 ಲಕ್ಷದೊಳಗಿದ್ದರೆ ನೋಂದಣಿಯೂ ಬೇಡ. ಒಂದು ಪತ್ರ ಬರೆದುಕೊಡಿ, ಸಾಕು. ಟಿಡಿಎಸ್ ಅಂತ ಹಿಡಿಯುವ ಶೇಕಡಾ 10 ಬೇರೆ ವಿಷಯ. ಅದು ರಿಟರ್ನ್ ಹಾಕಿದರೆ ತೆರಿಗೆಗೆ ಹೊಂದಿಕೊಂಡು ಉಳಿದದ್ದು ವಾಪಸ್ ಬರುತ್ತದೆ. ಕಲಾವಿದರು ಎಷ್ಟೋ ಜನ ಅದನ್ನು ಸರ್ಕಾರಕ್ಕೆ ದಾನ ಕೊಟ್ಟ ಹಾಗೆ ಬಿಟ್ಟುಬಿಡುತ್ತಾರೆ.

ಮನೆಯಲ್ಲೇ ಸ್ಟುಡಿಯೋ ಇದೆ. ಒಂದು ಈವೆಂಟ್ ಕಂಪನಿಗೆ 2024ರ ಡಿಸೆಂಬರಿನಲ್ಲಿ ಜಿಂಗಲ್ ಮಾಡಿಕೊಟ್ಟೆ. 80,000 ರೂಪಾಯಿ ಬಾಕಿ. ಮಾತುಕತೆಯೆಲ್ಲ ವಾಟ್ಸ್ಆ್ಯಪ್‌ನಲ್ಲೇ. ಈಗ ಫೋನ್ ಎತ್ತುತ್ತಿಲ್ಲ. ಉದ್ಯಮ್ ನೋಂದಣಿ 2022ರಲ್ಲೇ ಮಾಡಿಸಿದ್ದೆ.
(ಓದುಗರು, ಬೆಂಗಳೂರು)

ನಿಮ್ಮ ಪತ್ರದ ಕೊನೆಯ ಸಾಲೇ ನಿಮ್ಮ ಬಲ. ಉದ್ಯಮ್ ನೋಂದಣಿ ಇರುವ ಸಣ್ಣ ಉದ್ಯಮಕ್ಕೆ, ಕರಾರಿನಲ್ಲಿ ಏನೇ ಇದ್ದರೂ, 45 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಇಂಥ ಬಾಕಿಗೆಂದೇ ರಾಜ್ಯದಲ್ಲಿ ಸೌಲಭ್ಯ ಮಂಡಳಿ ಇದೆ, ಅರ್ಜಿ ಆನ್‌ಲೈನಿನಲ್ಲಿ ಹಾಕಬಹುದು. ಮಂಡಳಿ ಮೊದಲು ರಾಜಿಗೆ ಕರೆಯುತ್ತದೆ, ಆಗದಿದ್ದರೆ ಪಂಚಾಯ್ತಿಕೆಗೆ ಹಾಕುತ್ತದೆ. ನೋಂದಣಿ ಇಲ್ಲದವರಿಗೊಂದು ಮಾತು: ಇದು ಪುಕ್ಕಟೆ, ಇವತ್ತೇ ಮಾಡಿಸಿ. ಬಾಕಿಯಾದ ಮೇಲೆ ಮಾಡಿಸಿದರೆ ಹಳೇ ಬಾಕಿಗೆ ನೆರವಾಗುತ್ತದೆಂದು ನಂಬಿ ಕೂರಬೇಡಿ.

ಮೊದಲು ಲೀಗಲ್ ನೋಟಿಸ್ ಕೊಡಿ. ಅದರಲ್ಲಿ ಇನ್ನೊಂದು ಸಾಲು ಸೇರಿಸಿ: ಜಿಂಗಲಿನ ಕಾಪಿರೈಟನ್ನು ಲಿಖಿತವಾಗಿ ವರ್ಗಾಯಿಸಿಲ್ಲ, ಹಕ್ಕು ನನ್ನದೇ, ದುಡ್ಡು ಬರುವವರೆಗೆ ಬಳಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಈ ಸಾಲು ಓದಿದ ಮೇಲೆ ಎಷ್ಟೋ ಸಲ ಫೋನ್ ತಾನಾಗೇ ಬರುತ್ತದೆ.

ಕೋರ್ಟಿಗೇ ಹೋಗಬೇಕಾದರೆ ಬಾಕಿ ವಸೂಲಿಗೆ ಮೂರು ವರ್ಷದ ಗಡುವು ಇದೆ. 2027ರ ಡಿಸೆಂಬರ್‌ವರೆಗೆ ತಳ್ಳಬೇಡಿ. ವಾಟ್ಸ್ಆ್ಯಪ್ ಮಾತುಕತೆ ಸಾಕ್ಷಿಯಾಗಿ ನಡೆಯುತ್ತದೆ. ಆದರೆ ಬರೀ ಸ್ಕ್ರೀನ್‌ಶಾಟ್ ಸಾಲದು. 2024ರ ಜುಲೈಯಿಂದ ಜಾರಿಯಲ್ಲಿರುವ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಕಲಮಿನ ಪ್ರಕಾರ, ಯಾವ ಸಾಧನದಿಂದ ತೆಗೆದದ್ದು ಎಂಬ ಪ್ರಮಾಣಪತ್ರವೂ ಬೇಕು. ಚಾಟ್ ಪೂರ್ತಿ ಎಕ್ಸ್‌ಪೋರ್ಟ್ ಮಾಡಿ ನಿಮ್ಮ ಇಮೇಲ್‌ಗೆ ಕಳಿಸಿಕೊಳ್ಳಿ. ‘ಟ್ರ್ಯಾಕ್ ಸೂಪರ್ ಆಗಿದೆ ಬ್ರೋ’ ಅಂತ ಅವರು ಕಳಿಸಿದ ವಾಯ್ಸ್ ಮೆಸೇಜ್ ಇದೆ ಅಂದಿರಲ್ಲ, ಅದು ಅಮೂಲ್ಯ, ಅದನ್ನೂ ಇಳಿಸಿಟ್ಟುಕೊಳ್ಳಿ. ಹೊಸ ಫೋನ್ ಕೊಳ್ಳುವ ಯೋಚನೆ ಇದ್ದರೆ ಕೊಳ್ಳಿ, ಹಳೆಯದನ್ನು ಮಾತ್ರ ಎಕ್ಸ್‌ಚೇಂಜಿಗೆ ಹಾಕಬೇಡಿ.